ಗುಳಿಗಿ ನುಂಗಸಾಕಿಗೆ ಕೇಳೂ ಹಕ್ಕೂ ಅದ

ಒಂದ ಕಡೆ ಕೂಡಲಾರದ ಹುಡುಗ್ರನ್ನ ಮೊದ್ಲ ನಮ್ಮ ಓಣ್ಯಾಗ ಉಡಾಳ, ಕಿಡಿಗೇಡಿ ಅಂತಿದ್ರು. ಈಗ ಡಾಕ್ಟರು ತಪಾಸಣಿ ಮಾಡಿ ಕೆಲವರಿಗೆ ಎಡಿಎಚ್‌ಡಿ ಅದ ಅಂತ ಗುಳಿಗಿ ಬರದು ಕೊಡ್ತಾರ. ಆವಾಗ ಒಬ್ಬಾಕಿ, "ಅಯ್ಯ, ಕೂಸಿಗೆ ವಿಷಾ ಹಾಕ್ತೀ ಏನs" ಅಂತಾಳ. ಇನ್ನೊಬ್ಬಾಕಿ, "ಡಾಕ್ಟರು ಕೊಟ್ಟಾರಂದ್ರ ಸುಮ್ನ ನುಂಗಸು" ಅಂತಾಳ. ನನಗ ಎರಡೂ ಮಾತು ಸರಿ ಅನಸೂದಿಲ್ಲ.

ಈ ಗುಳಿಗಿಯಿಂದ ಭಾಳ ಹುಡುಗ್ರಿಗೆ ಚಲೋ ಆಗೇದ. ಮೀಥೈಲ್‌ಫೆನಿಡೇಟ್ 1950ರ ದಶಕದಿಂದ ಬಳಕ್ಯಾಗ ಅದ. ಆದ್ರ ಹಸಿವಿ ಕಟ್ಟೂದು, ನಿದ್ದಿ ಬರದ ಇರೂದು, ಹೊಟ್ಟಿನೋವು, ತಲಿನೋವು ಆಗಬಹುದು. ಎತ್ತರ, ತೂಕ ಏರೂದು ಸ್ವಲ್ಪ ತಡಾ ಆಗಬಹುದು. ಇಂಥಾವನ್ನ ಡಾಕ್ಟರಿಗೆ ಹೇಳಿದ್ರ ಡೋಸ್ ಬದಲಿ ಮಾಡ್ತಾರ. ಎದಿ ನೋವು, ತಲಿ ತಿರುಗಿ ಬೀಳೂದು, ಇಲ್ಲದ್ದು ಕಾಣೂದು-ಕೇಳೂದು ಆದ್ರ ಮಾತ್ರ ಕಾಯಬಾರ್ದು, ಆವತ್ತs ದವಾಖಾನಿಗೆ ಹೋಗಬೇಕು. ಆಟೊಮಾಕ್ಸೆಟಿನ್ ಅನ್ನೋ ಇನ್ನೊಂದು ಔಷಧದಿಂದ ಕೆಲವು ಮಕ್ಕಳಿಗೆ ಜೀವಾ ಕಳಕೊಳ್ಳೂ ವಿಚಾರ ಬರ್ತದಂತ 2005ರಾಗ ಅಮೆರಿಕಾದ ಔಷಧ ಇಲಾಖೆ ಎಚ್ಚರಿಕಿ ಹಾಕಸ್ತು. ಮನ್ಯಾಗ ಯಾರಿಗರೆ ಸಣ್ಣ ವಯಸ್ಸಿನ್ಯಾಗ ಹೃದಯದ ತ್ರಾಸ ಆಗಿದ್ರ ಶುರು ಮಾಡೂ ಮೊದ್ಲs ಹೇಳ್ರಿ.

ಪೆಮೋಲಿನ್ ಅಂತ ಇದs ಕಾಯಿಲೆಯ ಗುಳಿಗಿ 1975ರಿಂದ ಅಮೆರಿಕಾದಾಗ ಮಾರತಿದ್ರು. ಲಿವರ್ ಕೆಡಸ್ತದಂತ 2005ರಾಗ ಅದನ್ನ ತಗದ್ರು. ಮೂವತ್ತು ವರ್ಷ! ಮಕ್ಕಳಿಗೆ ಆದ ತ್ರಾಸ ಒಂದೊಂದಾಗಿ ಲೆಕ್ಕಕ್ಕ ಬಂದದ್ದಕ್ಕs ಅದು ನಿಂತದ್ದು. ಅದಕ್ಕs ಅಂತೀನಿ, ಗುಳಿಗಿಯಿಂದ ತ್ರಾಸ ಆದ್ರ ಹಣೆಬರಹ ಅಂತ ನುಂಗಿಕೊಂಡು ಕೂಡಬ್ಯಾಡ್ರಿ. ನಮ್ಮ ದೇಶದಾಗ ಔಷಧದ ಅಡ್ಡ ಪರಿಣಾಮ ತಿಳಸಲಿಕ್ಕೆ 1800-180-3024 ಅಂತ ಪುಕ್ಕಟ ನಂಬರ್ ಅದ. ಡಾಕ್ಟರಷ್ಟs ಅಲ್ಲ, ಮನಿ ಮಂದೀನೂ ಹೇಳಬಹುದು.

ಇನ್ನ ಕಾಯ್ದೆ ಮಾತು. ತ್ರಾಸ ಆದ ಕೂಡಲೆ ಡಾಕ್ಟರದs ತಪ್ಪು ಅನ್ನೂದು ನ್ಯಾಯ ಅಲ್ಲ. ಮುಂಚೇನs ಹೇಳಿ, ತಪಾಸಣಿ ಮಾಡಿ ಕೊಟ್ರೂ ಕೆಲವರಿಗೆ ಆಗ್ತದ. ಆದ್ರ ಕೇಳಬೇಕಾದ್ದು ಕೇಳದs, ಹೇಳಬೇಕಾದ್ದು ಹೇಳದs ಬರದಿದ್ರ, ಅಂಗಡ್ಯಾಂವ ಬ್ಯಾರೆ ಗುಳಿಗಿ ಕೊಟ್ಟಿದ್ರ, ಕಂಪನಿ ಎಚ್ಚರಿಕಿ ಮುಚ್ಚಿಟ್ಟಿದ್ರ ಗ್ರಾಹಕರ ಆಯೋಗಕ್ಕ ಹೋಗಬಹುದು. ರೊಕ್ಕ ಕೊಟ್ಟು ತಗೊಂಡ ಚಿಕಿತ್ಸಾನೂ ಗ್ರಾಹಕ ಕಾಯ್ದೆ ಒಳಗ ಬರ್ತದಂತ ಸುಪ್ರೀಂ ಕೋರ್ಟ್ 1995ರಾಗನs ಹೇಳೇದ. 2019ರ ಕಾಯ್ದೆಯೊಳಗ ಕಂಪನಿಯ ಹೊಣಿನೂ ಸೇರೇದ. ಎರಡು ವರ್ಷದೊಳಗ ದೂರು ಕೊಡಬೇಕು. ಡಾಕ್ಟರ ನಡತಿ ಬಗ್ಗೆ ರಾಜ್ಯ ವೈದ್ಯಕೀಯ ಪರಿಷತ್ತಿಗೂ ಬರೀಬಹುದು.

ಅಲ್ಲೆ ಹೋದ್ರ ಬರೇ ಕಣ್ಣೀರು ನಡ್ಯೂದಿಲ್ಲ, ಕಾಗದ ಬೇಕು. ಚೀಟಿ, ಬಿಲ್ಲು, ಗುಳಿಗಿ ಹಾಳಿ ಒಗೀಬ್ಯಾಡ್ರಿ. ಯಾವತ್ತು ಎಷ್ಟು ಕೊಟ್ರಿ, ಏನಾತು ಅಂತ ಹಾಲಿನ ಲೆಕ್ಕದ ಹಂಗ ಬರದಿಡ್ರಿ. ಚಿಕಿತ್ಸಾದ ದಾಖಲೆ ಕೇಳಿದ್ರ 72 ತಾಸಿನೊಳಗ ಕೊಡಬೇಕಂತ ನಿಯಮ ಅದ.

ಅಕ್ಕಾರ, ವೈನ್ಯಾರ, ಹುಡುಗಗ ಏನರೆ ಆದ್ರ ಮಂದಿ ಮೊದ್ಲ ಬೆರಳು ತೋರಸೂದು ತಾಯಿ ಕಡೆನs. ಕೊಟ್ರೂ ಆಕಿದs ತಪ್ಪು, ಬಿಟ್ರೂ ಆಕಿದs ತಪ್ಪು. ಮಂದಿ ಮಾತಿಗೆ ಹೆದರಿ ಗುಳಿಗಿ ನಿಲ್ಲಸಬ್ಯಾಡ್ರಿ, ಡಾಕ್ಟರಿಗೆ ಹೆದರಿ ಪ್ರಶ್ನೆ ನಿಲ್ಲಸಬ್ಯಾಡ್ರಿ. ನಿಮ್ಮ ಹುಡುಗನ ಗುಳಿಗಿ ಇನ್ನೊಬ್ಬರ ಹುಡುಗಗಂತೂ ಯಾವತ್ತೂ ಕೊಡಬ್ಯಾಡ್ರಿ.