ಪ್ರೀತಿಯಿದ್ದರೆ ಸಾಕೇ?

ಆಳಂದದ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಫೋನ್ ಮಾಡಿದ್ದ. ಮೊಬೈಲಿನಲ್ಲಿ ಚಿಂಚಿಲಾ ಎಂಬ ಪ್ರಾಣಿಯ ವಿಡಿಯೋ ನೋಡಿ ಮರುಳಾಗಿದ್ದಾನೆ. ಹೇಗಾದರೂ ಒಂದು ಜೋಡಿ ತರಿಸುತ್ತಾನಂತೆ. ‘ನಮ್ಮ ಬಿಸಿಲಿಗೆ ಬದುಕುತ್ತದೇನೋ?’ ಎಂದೆ. ‘ಪ್ರೀತಿಯಿಂದ ನೋಡ್ಕೋತೀನ್ರಿ ಸರ್, ಮನ್ಯಾಗ ಎಸಿ ಅದ, ಏನೂ ಆಗಂಗಿಲ್ಲ’ ಎಂದ. ಆ ‘ಪ್ರೀತಿ’ ಎಂಬ ಮಾತಿನ ಮೇಲೆಯೇ ನನ್ನ ತಕರಾರು.

ಚಿಂಚಿಲಾ ಇಲಿ, ಅಳಿಲುಗಳ ಬಳಗದ್ದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಒಣ, ತಂಪು ಬಂಡೆಗಳ ನಡುವೆ ಬಾಳುವಂಥದು. ಒಂದೊಂದು ರೋಮರಂಧ್ರದಿಂದ 50–60 ಕೂದಲು ಹುಟ್ಟುತ್ತವೆ. ಆ ತುಪ್ಪಳದ ಕೋಟಿನ ಆಸೆಗೆ ಮನುಷ್ಯ ಅದನ್ನು ಬೇಟೆಯಾಡಿ ಕಾಡಿನಲ್ಲಿ ಅಳಿವಿನ ಅಂಚಿಗೆ ತಂದ. ನಮ್ಮ ಹಾಗೆ ಬೆವರಿ ಮೈ ತಣಿಸಿಕೊಳ್ಳಲು ಅದಕ್ಕೆ ಬಾರದು. 25 ಡಿಗ್ರಿ ದಾಟಿದರೆ ಅಪಾಯ ಶುರು. ನಮ್ಮಲ್ಲಿ ಡಿಸೆಂಬರಿನ ಮಧ್ಯಾಹ್ನವೂ ಅದಕ್ಕಿಂತ ಬಿಸಿ. 40 ಡಿಗ್ರಿ ದಾಟುವ ಏಪ್ರಿಲ್–ಮೇ ತಿಂಗಳಲ್ಲಿ ಸರ್ಕಾರವೇ ಕಲಬುರಗಿ ಸೀಮೆಯ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆಸಿ ಮಧ್ಯಾಹ್ನ 1.30ಕ್ಕೆ ಮುಚ್ಚಿಸುತ್ತದೆ. ಗುಮಾಸ್ತನಿಗಿರುವ ಈ ರಿಯಾಯಿತಿಯನ್ನು ಪಂಜರದ ಜೀವಕ್ಕೆ ಯಾರು ಕೊಡಬೇಕು? ಎಸಿಯೇ? ಕರೆಂಟು ಹೋದ ಮಧ್ಯಾಹ್ನ ಏನು ಮಾಡುತ್ತಾನೆ?

ಬಿಸಿಲು ಒಂದೇ ಅಲ್ಲ. ನೀರು ಹಾಕಿ ಮೈ ತೊಳೆದರೆ ಆ ತುಪ್ಪಳ ಒಳಗೆ ಒಣಗುವುದೇ ಇಲ್ಲ. ಬೂದಿಯಂಥ ನುಣ್ಣನೆಯ ಧೂಳಿನಲ್ಲಿ ಹೊರಳಿಯೇ ಅದು ಶುಚಿಯಾಗಬೇಕು. ನಮ್ಮ ಅಂಟಿನ ಎರೆಮಣ್ಣು ಆ ಕೆಲಸಕ್ಕೆ ಬಾರದು. ಹಲ್ಲು ಸಾಯುವವರೆಗೂ ಬೆಳೆಯುತ್ತವೆ, ಒಣಹುಲ್ಲು ಅಗಿದಗಿದು ಸವೆಸಬೇಕು. ಮುದ್ದಿಗೆಂದು ಶೇಂಗಾ, ಬಿಸ್ಕತ್ತು ತಿನ್ನಿಸಿದರೆ ಹೊಟ್ಟೆ ಕೆಡುತ್ತದೆ. ಹಗಲೆಲ್ಲ ನಿದ್ದೆ, ಮುಸ್ಸಂಜೆಯ ಮೇಲೆ ಓಡಾಟ. ಬಿಗಿಯಾಗಿ ಹಿಡಿದರೆ ಹೆದರಿ, ಕೂದಲಿನ ಗೊಂಚಲನ್ನೇ ಕೈಯಲ್ಲಿ ಬಿಟ್ಟು ಓಡುತ್ತದೆ. ಹೀಗೆ 10–15 ವರ್ಷ. ತಂದವನು ನೌಕರಿಗೆಂದು ಬೆಂಗಳೂರಿಗೆ ಹೋದರೆ ಅದು ಅವ್ವನ ಕೊರಳಿಗೆ.

ಉಪದೇಶ ಮಾಡುತ್ತಿದ್ದೇನೆ ಎನ್ನಬೇಡಿ. ಅಫಜಲಪುರದಲ್ಲಿದ್ದಾಗ ನಾನೂ ಒಂದು ಬಿಳಿ ಮೊಲ ಸಾಕಿದ್ದೆ. ಪಂಜರ ತಗಡಿನ ಮಾಡಿನ ಕೆಳಗಿತ್ತು. ಮೇ ತಿಂಗಳ ಒಂದು ದಿನ ಜೇವರ್ಗಿಗೆ ಹೋಗಿ ಮಧ್ಯಾಹ್ನ ಮರಳಿದಾಗ ಅದು ಮೈ ಚಾಚಿ ಏದುಸಿರು ಬಿಡುತ್ತಿತ್ತು. ಬಟ್ಟಲಿನ ನೀರು ಮುಟ್ಟಲಾಗದಷ್ಟು ಕಾದಿತ್ತು. ಹೊತ್ತು ಮುಳುಗುವ ಮುಂಚೆ ಸತ್ತಿತು. ‘ಬಿಸಿಲು ಬಡೀತು’ ಎಂದು ನೆರೆಯವರಿಗೆಲ್ಲ ಹೇಳಿಕೊಂಡು ತಿರುಗಿದೆ. ಬಿಸಿಲು ವರ್ಷವರ್ಷ ಬರುತ್ತದೆಂದು ನನಗೆ ಗೊತ್ತಿತ್ತು. ಮೊಲಕ್ಕೆ ಗೊತ್ತಿರಲಿಲ್ಲ. ಪ್ರೀತಿಯೇನೋ ನನ್ನಲ್ಲೂ ಬೇಕಾದಷ್ಟಿತ್ತು.

ಹಾಗಾದರೆ ಏನನ್ನೂ ಸಾಕಬಾರದೇ? ಸಾಕಿ. ಈ ನೆಲದಲ್ಲಿ ಹುಟ್ಟಿದ ನಾಯಿಮರಿಗಳು ನಮ್ಮ ಓಣಿಗಳಲ್ಲೇ ನೆರಳು ಹುಡುಕುತ್ತಿವೆ. ತನ್ನ ಆಸೆಗಾಗಿ ಒಂದು ಜೀವದ ಊರನ್ನೇ ಕಸಿದುಕೊಳ್ಳುವುದಕ್ಕೆ ಮಾತ್ರ ಪ್ರೀತಿ ಎನ್ನಬೇಡಿ. ಆ ಹುಡುಗನಿಗೂ ಇದನ್ನೇ ಹೇಳಿದೆ: ‘ಮೊದಲು ಅಂಗಳದಾಗ ಒಂದು ಮಣ್ಣಿನ ಬೋಗುಣಿ ಇಡಪ್ಪ. ಬ್ಯಾಸಗಿ ಮುಗಿಯೂತನ ದಿನಾ ನೀರು ತುಂಬು. ಒಂದು ದಿನಾನೂ ತಪ್ಪಲಿಲ್ಲಂದ್ರ ಆಮ್ಯಾಲ ಮಾತಾಡೂಣು.’