ಆತ್ಮತೃಪ್ತಿಯ ಹೆಸರಿನಲ್ಲಿ ಸಂಬಳ ಕಡಿತ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಬೋನಸ್ ಖಾತೆಗೆ ಬಿದ್ದ ಮೇಲೆ ರಾಜೀನಾಮೆ ಕೊಡುವ ರೂಢಿ ಹಳೆಯದು. ಹಾಗೆ ಹೊರಟವರಲ್ಲಿ ಬಹುಪಾಲು ಮಂದಿ ಇನ್ನೊಂದು ಕಂಪನಿ ಸೇರುತ್ತಾರೆ. ಅವರ ನಡುವೆ ಬೇರೆ ಬಗೆಯವರೂ ಇದ್ದಾರೆ. ಜೂಜಿನ ಆ್ಯಪ್‌ಗೋ, ಸಾಲ ವಸೂಲಿಯ ತಂತ್ರಾಂಶಕ್ಕೋ ಬುದ್ಧಿ ಸವೆಸಿದ್ದು ಸಾಕೆನಿಸಿ, ಸಂಬಳ ಕಡಿಮೆಯಾದರೂ ಸರಿ, ಮನಸ್ಸಿಗೆ ಒಪ್ಪುವ ಕೆಲಸ ಮಾಡೋಣ ಎಂದು ಹೊರಡುವವರು. ಯಾರೋ ಸರ್ಕಾರಿ ಶಾಲೆಯ ಮಕ್ಕಳಿಗೆ ಗಣಿತ ಕಲಿಸಲು ಹೋಗುತ್ತಾರೆ, ಯಾರೋ ಕೆರೆ ಹೂಳೆತ್ತುವ ಸಂಸ್ಥೆಗೆ ಸೇರುತ್ತಾರೆ, ಇನ್ನು ಕೆಲವರು ಸಾವಯವ ಕೃಷಿಗೆ ಇಳಿಯುತ್ತಾರೆ. ಇವರ ಬಗ್ಗೆ ನಮಗೆ ಗೌರವವಿದೆ. ಆ ಗೌರವದಿಂದಲೇ ಈ ಎಚ್ಚರಿಕೆಯ ಮಾತು: ಇವರ ಪ್ರಾಮಾಣಿಕತೆಯನ್ನೇ ನೆಪ ಮಾಡಿಕೊಂಡು ಸಂಬಳ ಇಳಿಸುವ, ಭದ್ರತೆ ಕಿತ್ತುಕೊಳ್ಳುವ ಅಭ್ಯಾಸವೊಂದು ಬೇರುಬಿಡುತ್ತಿದೆ. ಇನ್ನೂ ಕಿತ್ತೊಗೆಯಬಹುದಾದ ಹಂತದಲ್ಲಿದೆ. ಐದಾರು ವರ್ಷ ಬಿಟ್ಟರೆ ಅದೇ ಕಾನೂನು ಎಂಬಂತಾಗುತ್ತದೆ.

ಇವರು ಯಾಕೆ ಹೊರಡುತ್ತಾರೆ ಎಂಬುದನ್ನು ವಿವರಿಸಲು ಹೆಚ್ಚು ಮಾತು ಬೇಕಿಲ್ಲ. 2023ರಲ್ಲಿ ವಾರಕ್ಕೆ 70 ಗಂಟೆ ದುಡಿಯಿರಿ ಎಂಬ ಉಪದೇಶ ಬಂತು. 2024ರ ಜುಲೈನಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಗೆ ಏರಿಸುವ ಪ್ರಸ್ತಾವವೇ ರಾಜ್ಯ ಸರ್ಕಾರದ ಮುಂದೆ ಬಂದು, ನೌಕರರ ಸಂಘ ಬೀದಿಗಿಳಿಯಬೇಕಾಯಿತು. ದುಡಿಮೆ ಅಷ್ಟೊಂದು ಬದುಕನ್ನು ಕೇಳುತ್ತದೆ ಎಂದಮೇಲೆ, ಆ ಬದುಕು ಯಾವುದಕ್ಕೆ ಸಲ್ಲುತ್ತಿದೆ ಎಂದು ಮೂವತ್ತರ ಹರೆಯದವರು ಕೇಳಿಕೊಳ್ಳುವುದು ಸಹಜ, ಆರೋಗ್ಯಕರ ಕೂಡ.

ಅವರು ಹೋಗಿ ಸೇರುವ ಜಾಗ ಎಂಥದ್ದು? ಮನಸ್ಸಿಗೆ ಒಪ್ಪುವ ಕೆಲಸ ಬಹುಮಟ್ಟಿಗೆ ಇರುವುದು ಸಣ್ಣ ಸಂಸ್ಥೆಗಳಲ್ಲಿ. ನಮ್ಮ ದುಡಿಮೆಯ ಕಾನೂನುಗಳ ರಕ್ಷಣೆ ತಲೆ ಎಣಿಸಿ ಸಿಗುವಂಥದ್ದು. 20 ಜನರಿಗಿಂತ ಕಡಿಮೆ ಇರುವ ಕಡೆ ಪಿಎಫ್ ಕಡ್ಡಾಯವಿಲ್ಲ. 10 ಜನರಿಗಿಂತ ಕಡಿಮೆ ಇದ್ದರೆ ಗ್ರಾಚ್ಯುಟಿಯೂ ಇಲ್ಲ. ಏಳೆಂಟು ಜನ ಸೇರಿ ಒಂದು ತಾಲ್ಲೂಕಿನಲ್ಲಿ ಒಳ್ಳೆಯ ಕೆಲಸ ಮಾಡುತ್ತಿರುವ ಸಂಸ್ಥೆ ಈ ಎರಡೂ ಗೆರೆಗಳ ಹೊರಗೇ ಉಳಿಯುತ್ತದೆ. ಅದು ಸಂಸ್ಥೆಯ ತಪ್ಪಲ್ಲ. ಆದರೆ ದೊಡ್ಡ ಸಂಸ್ಥೆಗಳೂ ಜನರನ್ನು ‘ಕನ್ಸಲ್ಟೆಂಟ್’, ‘ಫೆಲೋ’ ಎಂದು ಕರೆದು, ಹನ್ನೊಂದು ತಿಂಗಳ ಒಪ್ಪಂದದ ಮೇಲೆ ಇಟ್ಟುಕೊಂಡು ಅದೇ ಗೆರೆಯ ಹೊರಗೆ ನಿಲ್ಲಿಸುವುದಿದೆಯಲ್ಲ, ಅದನ್ನು ಒಪ್ಪಲಾಗದು. ಸಂಬಳದ ಮಾತು ಎತ್ತಿದರೆ ‘ಇಲ್ಲಿಗೆ ಬಂದಿರುವುದು ಹಣಕ್ಕಾಗಿಯೇ?’ ಎಂಬ ಪ್ರಶ್ನೆ ತಿರುಗಿ ಬರುತ್ತದೆ. ಒಳ್ಳೆಯ ಮನಸ್ಸಿನವರು ಆ ಪ್ರಶ್ನೆಗೆ ನಾಚಿ ಸುಮ್ಮನಾಗುತ್ತಾರೆ. ಅವರ ಆ ನಾಚಿಕೆಯಿಂದ ಸಂಸ್ಥೆಯ ಬಜೆಟ್ ಉಳಿತಾಯವಾಗುತ್ತದೆ.

ಸಂಸ್ಥೆಗಳನ್ನು ಮಾತ್ರ ದೂರಿದರೆ ಅರ್ಧ ಸತ್ಯವಾಗುತ್ತದೆ. ಅವುಗಳ ಕೈಯನ್ನೂ ಕಟ್ಟಿಹಾಕಲಾಗಿದೆ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ತಂದು, ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿದರು. ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣದಲ್ಲಿ ಸಣ್ಣ ಸಂಸ್ಥೆಗೆ ಪಾಲು ಕೊಡುವುದನ್ನೂ ನಿಷೇಧಿಸಿದರು. ಹಳ್ಳಿಯ ಸಣ್ಣ ಗುಂಪುಗಳಿಗೆ ಹರಿಯುತ್ತಿದ್ದ ತೊರೆ ಅಲ್ಲಿಗೆ ಬತ್ತಿತು. ಉಳಿದದ್ದು ಕಂಪನಿಗಳ ಸಿಎಸ್‌ಆರ್ ಹಣ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಇಂಥ ಕೆಲಸಗಳಿಗೆ ಖರ್ಚು ಮಾಡಬೇಕು. ಆದರೆ ಆ ನಿಯಮದಲ್ಲಿ ಅತಿ ದೀರ್ಘದ ಯೋಜನೆ ಎಂದರೂ ಶುರುವಾದ ವರ್ಷವನ್ನು ಬಿಟ್ಟು ಮೂರು ವರ್ಷ. ಶಾಲೆಯ ಮಗುವೊಂದು ಒಂದನೇ ತರಗತಿಯಿಂದ ಏಳನೆಯದನ್ನು ಮುಗಿಸಲು ಏಳು ವರ್ಷ ಬೇಕು, ಅದಕ್ಕೆ ಕಲಿಸಲು ಬಂದವರ ಹುದ್ದೆಯ ಆಯಸ್ಸು ಅದರ ಅರ್ಧ. ಮಕ್ಕಳಿಗೆ ಹಂಚುವ ಟ್ಯಾಬ್‌ಗೆ ಹಣ ಕೊಡುವ ದಾನಿಗಳು ಅದನ್ನು ಬಳಸಲು ಕಲಿಸುವವರ ಸಂಬಳವನ್ನು ‘ಓವರ್‌ಹೆಡ್’ ಎಂದು ಹೊಡೆದು ಹಾಕುತ್ತಾರೆ. ಕಲಿಸುವವರ ದುಡಿಮೆಯನ್ನು ಖರ್ಚಿನ ಹೊರೆ ಎಂದು ನೋಡುವ ಈ ಲೆಕ್ಕವೇ ಮೂಲ ರೋಗ ಎಂಬುದು ನಮ್ಮ ಅಭಿಪ್ರಾಯ.

ಈ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂದು ಊಹಿಸಬೇಕಾಗಿಲ್ಲ. ನಮ್ಮ ಕಣ್ಣೆದುರೇ ಅರ್ಧ ಶತಮಾನದ ಅನುಭವವಿದೆ. 1975ರಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ದೇಶದ ಮೊದಲ ಬ್ಲಾಕ್‌ಗಳಲ್ಲಿ ನಮ್ಮ ತಿ. ನರಸೀಪುರವೂ ಒಂದು. ಆ ಹೆಣ್ಣುಮಕ್ಕಳು ಊರಿನ ಕೂಸುಗಳಿಗೆ ಉಣಿಸಿದರು, ತೂಕ ನೋಡಿದರು, ಗರ್ಭಿಣಿಯರ ಪಟ್ಟಿ ಬರೆದರು, ಚುನಾವಣೆಯ ಕೆಲಸಕ್ಕೂ ಹೋದರು. ಆದರೂ ಕೊಟ್ಟದ್ದು ಗೌರವಧನ. ಅವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಲು 2022ರ ಏಪ್ರಿಲ್ ಬರಬೇಕಾಯಿತು. ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕುಳಿತದ್ದು ತಿಂಗಳಿಗೆ ಹದಿನೈದು ಸಾವಿರ ರೂಪಾಯಿಗಾಗಿ. ಸಮಾಜಕ್ಕೆ ಬೇಕಾದ ಕೆಲಸವನ್ನು ಮನಸ್ಸಿಟ್ಟು ಮಾಡುವವರಿಗೆ ಕಡಿಮೆ ಕೊಟ್ಟರೂ ನಡೆಯುತ್ತದೆ ಎಂಬ ಪಾಠವನ್ನು ಸರ್ಕಾರವೇ ಇಷ್ಟು ವರ್ಷ ಹೇಳಿಕೊಟ್ಟಿದೆ. ಅವರ ಪರ ಆಗ ದನಿಯೆತ್ತದ ನಗರದ ವಿದ್ಯಾವಂತರು ಈಗ ಅದೇ ಲೆಕ್ಕದ ಪುಸ್ತಕಕ್ಕೆ ತಾವೂ ಸೇರುತ್ತಿದ್ದಾರೆ.

ಕೃಷಿಯ ಕಡೆ ಹೊರಟವರ ಅಪಾಯ ಬೇರೆ ರೀತಿಯದು. ವರ್ಷಕ್ಕೆ 25 ಲಕ್ಷಕ್ಕಿಂತ ಹೆಚ್ಚು ಕೃಷಿಯೇತರ ಆದಾಯ ಇರುವವರು ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ ಕಲಮನ್ನೂ, ಅದರ ಜೊತೆಗಿದ್ದ ತಡೆಗಳನ್ನೂ 2020ರಲ್ಲಿ ತೆಗೆದುಹಾಕಿದ ಮೇಲೆ, ಕೃಷಿಯ ಕನಸೂ ಮಾರಾಟದ ಸರಕಾಗಿದೆ. ಕನಕಪುರ, ಚಿಕ್ಕಬಳ್ಳಾಪುರ, ಸಕಲೇಶಪುರ ಕಡೆಯ ‘ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್’ ಜಾಹೀರಾತುಗಳಲ್ಲಿ ಹಸಿರು, ಮಣ್ಣಿನ ವಾಸನೆ, ನೆಮ್ಮದಿ ಎಲ್ಲವೂ ಇರುತ್ತವೆ. ಅಡಿಕೆ, ತೆಂಗು ಫಸಲಿಗೆ ಬರಲು ಐದಾರು ವರ್ಷ ಬೇಕೆಂಬುದು ಇರುವುದಿಲ್ಲ. ಚಿಕ್ಕಬಳ್ಳಾಪುರ, ಕೋಲಾರಗಳ ಅಂತರ್ಜಲ ಮಿತಿಮೀರಿ ಬಳಕೆಯಾಗಿದೆ, ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗುವ ಭರವಸೆಯಿಲ್ಲ ಎಂಬುದೂ ಇರುವುದಿಲ್ಲ. ಪಿಎಫ್ ಹಣವನ್ನೆಲ್ಲ ತೆಗೆದು ಅಂಥ ಜಮೀನಿಗೆ ಹಾಕಿದವರಿಗೆ ಮೂರನೇ ವರ್ಷ ಮಗುವಿನ ಶಾಲೆಯ ಫೀಸು ಕಟ್ಟಲು ಮತ್ತೆ ಹಳೆಯ ಕೆಲಸವೇ ಗತಿ. ಆ ಜಮೀನು ಮಾರಿದ ರೈತ ಅಷ್ಟರಲ್ಲಿ ನಗರದ ಯಾವುದೋ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ನಿಂತಿರಬಹುದು. ಭೂಮಿಯ ಮೇಲಿನ ಪ್ರೀತಿಯಿಂದ ಹೊರಟವರು ತಮಗೆ ಗೊತ್ತಿಲ್ಲದೆ ಇದರಲ್ಲಿ ಪಾಲುದಾರರಾಗುವುದು ನಿಜವಾದ ನೋವಿನ ಸಂಗತಿ.

ಹಾಗಿದ್ದರೆ ಯಾರೂ ಹೊರಡಬಾರದೇ? ಹೊರಟವರಿಂದಲೇ ಈ ನಾಡಿಗೆ ದೊಡ್ಡ ಲಾಭವಾಗಿದೆ. ಅಮೆರಿಕದ ಕೆಲಸ ಬಿಟ್ಟು 1979ರಲ್ಲಿ ಮರಳಿದ ಎಸ್.ಆರ್. ಹಿರೇಮಠರು ಕಟ್ಟಿದ ಸಮಾಜ ಪರಿವರ್ತನ ಸಮುದಾಯದ ಅರ್ಜಿಯಿಂದಲೇ 2011ರಲ್ಲಿ ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿತು. ವೈದ್ಯ ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ 1981ರಲ್ಲಿ ಶುರುಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶಾಲೆಯಾಗಿ, ಆಸ್ಪತ್ರೆಯಾಗಿ ನಿಂತಿದೆ. ಇವರ ತ್ಯಾಗದ ಕತೆಯನ್ನಷ್ಟೇ ಹೇಳಿ, ಅದರ ಹಿಂದಿದ್ದ ಆಸರೆಯನ್ನು ನಾವು ಮರೆಯುತ್ತೇವೆ. ಹಿರೇಮಠರ ಬೆನ್ನಿಗೆ ಅನಿವಾಸಿ ಗೆಳೆಯರು ಸೇರಿ ಕಟ್ಟಿದ್ದ ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ ಇತ್ತು. ಮೂರು ವರ್ಷದ ಗಡುವು ಹಾಕಿ ವರದಿ ಕೇಳುವ ದಾನಿಯ ಕೈಯಲ್ಲಿ ಮೂರು ದಶಕದ ಆ ಹೋರಾಟ ನಡೆಯುತ್ತಿರಲಿಲ್ಲ.

ಇನ್ನೊಂದು ಮಾತು ನಮ್ಮನ್ನು ಹೆಚ್ಚು ಕಾಡುತ್ತದೆ. ಸಂಬಳ ಹೀಗೇ ಇಳಿಯುತ್ತ ಹೋದರೆ ಮನಸ್ಸಿಗೆ ಒಪ್ಪುವ ಕೆಲಸ ಅಪ್ಪನ ಸ್ವಂತ ಮನೆ, ಗಂಡ ಅಥವಾ ಹೆಂಡತಿಯ ದೊಡ್ಡ ಸಂಬಳ ಇರುವವರಿಗೆ ಮಾತ್ರ ಉಳಿಯುತ್ತದೆ. ಕೊಪ್ಪಳದ ಹಳ್ಳಿಯಿಂದ ಸಿಇಟಿ ಬರೆದು, ಎಜುಕೇಶನ್ ಲೋನ್ ತೀರಿಸುತ್ತ, ತಂಗಿಯ ಕಾಲೇಜಿಗೂ ಹಣ ಕಳಿಸುವ ಇಂಜಿನಿಯರ್‌ಗೆ ಆ ಬಾಗಿಲು ಮುಚ್ಚಿದಂತೆಯೇ. ಸರ್ಕಾರಿ ಶಾಲೆ ಹೇಗಿರುತ್ತದೆ, ಊರಿನ ಕೆರೆ ಒತ್ತುವರಿಯಾದಾಗ ಯಾರ ಹೊಲಕ್ಕೆ ನೀರು ತಪ್ಪುತ್ತದೆ ಎಂಬುದನ್ನು ಬಲ್ಲವರು ಅವರು. ಹಳ್ಳಿಯ ಕೆಲಸಕ್ಕೆ ಹಳ್ಳಿ ಕಂಡವರೇ ಬರಲಾಗದ ಸ್ಥಿತಿ ಬಂದರೆ ನಷ್ಟ ಯಾರಿಗೆ?

ಮಾಡಬೇಕಾದ್ದು ಅಸಾಧ್ಯವಾದುದೇನೂ ಅಲ್ಲ. ದಾನಿಗಳು ಯೋಜನೆಯ ಹಣದ ಜೊತೆಗೆ ನೌಕರರ ಪಿಎಫ್, ಆರೋಗ್ಯ ವಿಮೆಯ ವೆಚ್ಚವನ್ನು ಕಡ್ಡಾಯವಾಗಿ ಸೇರಿಸಲಿ. ಸಂಸ್ಥೆಗಳು ಉದ್ಯೋಗದ ಪ್ರಕಟಣೆಯಲ್ಲೇ ಸಂಬಳ ಎಷ್ಟು ಎಂದು ಬರೆಯಲಿ. 20 ಜನರಿಗಿಂತ ಕಡಿಮೆ ಇದ್ದರೂ ಸ್ವಇಚ್ಛೆಯಿಂದ ಪಿಎಫ್‌ಗೆ ಸೇರಲು ಅವಕಾಶವಿದೆ, ಬಳಸಿಕೊಳ್ಳಲಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನಿಗದಿತ ಅವಧಿಯ ನೌಕರರಿಗೆ ಐದು ವರ್ಷ ಕಾಯದೆ, ಒಂದು ವರ್ಷಕ್ಕೇ ಗ್ರಾಚ್ಯುಟಿ ಸಿಗಬೇಕು. ಹನ್ನೊಂದು ತಿಂಗಳ ಒಪ್ಪಂದಗಳು ಈ ಹಕ್ಕನ್ನು ನುಂಗದಂತೆ ರಾಜ್ಯದ ಕಾರ್ಮಿಕ ಇಲಾಖೆ ಈಗಿನಿಂದಲೇ ಕಣ್ಣಿಡಬೇಕು.

ರಾಜೀನಾಮೆ ಕೊಟ್ಟು ಮೂರು ತಿಂಗಳ ನೋಟಿಸ್ ಅವಧಿಯಲ್ಲಿರುವವರಿಗೆ ನೇರವಾಗಿ ಒಂದೆರಡು ಮಾತು. ಪಿಎಫ್ ತೆಗೆಯಬೇಡಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಎಂಟು ವರ್ಷವಾಗಿದ್ದರೆ ಸ್ಕೀಮ್ ಸರ್ಟಿಫಿಕೇಟ್ ಪಡೆದು ಆ ವರ್ಷಗಳನ್ನು ಕಾಪಾಡಿಕೊಳ್ಳಿ. ಕಂಪನಿಯ ಗುಂಪು ವಿಮೆ ಕೊನೆಯ ದಿನವೇ ನಿಲ್ಲುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅದಕ್ಕೆ ಮೊದಲೇ ಅರ್ಜಿ ಹಾಕಿ. ಹೊಸದಾಗಿ ಮಾಡಿಸಿದರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಶಿಕ್ಷಕರಾಗುವ ಆಸೆಯಿದ್ದರೆ ಬಿ.ಇಡಿ. ಎರಡು ವರ್ಷದ್ದು, ಒಂದರಿಂದ ಐದನೇ ತರಗತಿಗೆ ಅದು ಅರ್ಹತೆಯೇ ಅಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಎಂಬುದು ನೆನಪಿರಲಿ. ಸೇರಲಿರುವ ಸಂಸ್ಥೆಯನ್ನು ಸಂಕೋಚವಿಲ್ಲದೆ ಕೇಳಿ: ಈ ಕೆಲಸಕ್ಕೆ ಹಣ ಯಾರದು, ಯಾವ ತಿಂಗಳವರೆಗೆ ಇದೆ, ಅದು ಮುಗಿದ ಮೇಲೆ ನನ್ನ ಹುದ್ದೆಯ ಗತಿ ಏನು, ಇದೇ ಯೋಜನೆಯಲ್ಲಿ ಹಳ್ಳಿಯ ಮನೆಮನೆ ತಿರುಗುವ ಕಾರ್ಯಕರ್ತೆಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ? ಕೊನೆಯ ಪ್ರಶ್ನೆಗೆ ಉತ್ತರಿಸಲು ತಡವರಿಸುವ ಸಂಸ್ಥೆಗೆ ಸೇರಬೇಡಿ.