ಮನೆಗೆ ಮರಳಿದ ಏಳು ಕಂಬಗಳು

2007ರಲ್ಲಿ ನಾರ್ವೆಯ ರಾಜಧಾನಿ ಓಸ್ಲೋದ ಆಸ್ಟ್ರುಪ್ ಫಿಯರ್ನ್ಲಿ ಮ್ಯೂಸಿಯಂನಲ್ಲಿ ಚೀನಾದ ಇಂದಿನ ಕಲಾವಿದರ ದೊಡ್ಡ ಪ್ರದರ್ಶನ ನಡೆದಿತ್ತು. 'ಚೈನಾ ಪವರ್ ಸ್ಟೇಷನ್' ಎಂಬುದು ಅದರ ಹೆಸರು. ಅದರ ಮೊದಲ ಭಾಗವನ್ನು ಹಿಂದಿನ ವರ್ಷ ಲಂಡನ್ನಿನ ಪಾಳುಬಿದ್ದ ವಿದ್ಯುತ್ ಸ್ಥಾವರದಲ್ಲಿ ಏರ್ಪಡಿಸಲಾಗಿತ್ತು. ಆ ಕಲಾಕೃತಿಗಳು ನಾರ್ವೆಗೆ ಹೋದದ್ದು ಆಹ್ವಾನದ ಮೇಲೆ, ಅತಿಥಿಗಳಂತೆ.

ಆದರೆ ಓದುಗರೇ, ಒಂದು ದೇಶದ ಕಲೆ ಇನ್ನೊಂದು ದೇಶಕ್ಕೆ ಯಾವಾಗಲೂ ಅತಿಥಿಯಾಗಿಯೇ ಹೋಗುತ್ತದೆಯೇ? ಅದೇ ನಾರ್ವೆಯ ಬೆರ್ಗೆನ್ ನಗರದ ಕೋಡೆ ಮ್ಯೂಸಿಯಂನಲ್ಲಿದ್ದ ಅಮೃತಶಿಲೆಯ ಕಂಬಗಳ ಕಥೆ ಕೇಳಿ.

ಬೀಜಿಂಗ್ ಬಳಿ ಯುವಾನ್‌ಮಿಂಗ್‌ಯುವಾನ್ ಎಂಬ ಅರಮನೆಯಿತ್ತು. ಸರೋವರ, ತೋಟ, ಮಂಟಪಗಳ ಒಂದು ಊರೇ ಅದು. ಅದರ ಒಂದು ಭಾಗವನ್ನು ಯುರೋಪಿನ ಪಾದ್ರಿಗಳು ರೂಪಿಸಿಕೊಟ್ಟಿದ್ದರು. ಚೀನೀ ಕೆಲಸಗಾರರ ಕೈ, ಯುರೋಪಿನ ನಕ್ಷೆ! ಎರಡು ಸಂಸ್ಕೃತಿಗಳು ಅಲ್ಲಿ ಜಗಳವಿಲ್ಲದೆ ಕೂಡಿದ್ದವು. 1860ರ ಅಕ್ಟೋಬರಿನಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನಿಕರು ಆ ಅರಮನೆಯನ್ನು ಲೂಟಿ ಮಾಡಿದರು. ಸೆರೆಸಿಕ್ಕ ತಮ್ಮವರನ್ನು ಚೀನೀಯರು ಕೊಂದರೆಂಬ ಸಿಟ್ಟಿಗೆ ಬ್ರಿಟಿಷರು ಅದಕ್ಕೆ ಬೆಂಕಿಯನ್ನೂ ಇಟ್ಟರು. ಸುಡಲು ಆಜ್ಞೆ ಕೊಟ್ಟ ಲಾರ್ಡ್ ಎಲ್ಜಿನ್ ಯಾರೆಂದುಕೊಂಡಿರಿ? 1862ರಲ್ಲಿ ನಮ್ಮ ದೇಶಕ್ಕೆ ವೈಸರಾಯ್ ಆಗಿ ಬಂದವನೇ ಆತ. ಮರುವರ್ಷ ಧರ್ಮಶಾಲೆಯಲ್ಲಿ ತೀರಿಕೊಂಡ. ಅವನ ಸಮಾಧಿ ಈಗಲೂ ಅಲ್ಲಿದೆ.

ಕಂಬಗಳು ನಾರ್ವೆಗೆ ತಲುಪಿದ್ದು ಯೋಹಾನ್ ಮುಂತೆ ಎಂಬವರ ಮೂಲಕ. ಬೆರ್ಗೆನ್‌ನಲ್ಲಿ ಹುಟ್ಟಿದ ಈತ ಚೀನಾಕ್ಕೆ ಹೋಗಿ ಸುಂಕದ ಇಲಾಖೆಯಲ್ಲಿ ದುಡಿದು, ಮುಂದೆ ಚೀನೀ ಸೈನ್ಯದಲ್ಲಿ ಜನರಲ್ ಆದರು. ಚೀನಾದಲ್ಲಿ ಸಂಗ್ರಹಿಸಿದ ಸಾವಿರಾರು ವಸ್ತುಗಳನ್ನು ಹುಟ್ಟೂರಿಗೆ ದಾನ ಮಾಡಿದರು. ಅರಮನೆ ಉರಿದಾಗ ಅವರು ಹುಟ್ಟಿಯೇ ಇರಲಿಲ್ಲ, ಆದ್ದರಿಂದ ಅವರನ್ನು ಲೂಟಿಕೋರರೆನ್ನುವುದು ನ್ಯಾಯವಲ್ಲ. ಹಾಗಾದರೆ ಆ ಕಂಬಗಳು ಯಾರವು? ಪಕ್ಕದ ಮನೆಗೆ ಕಳ್ಳರು ನುಗ್ಗಿದ್ದರು, ಅಲ್ಲಿನ ಪಾತ್ರೆಯೊಂದು ನಾಲ್ಕು ಕೈ ದಾಟಿ ನಿಮ್ಮ ಅಡುಗೆಮನೆಗೆ ಬಂತೆನ್ನಿ. ನೀವು ಕದ್ದಿಲ್ಲ, ನಿಜ. ಆದರೂ ಪಕ್ಕದ ಮನೆಯಾಕೆ ಬಂದು ಅದನ್ನೇ ನೋಡುತ್ತಾ ನಿಂತರೆ ಏನು ಹೇಳುತ್ತೀರಿ?

ಬೆರ್ಗೆನ್‌ನಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ಚೀನಾದ ಉದ್ಯಮಿ, ಕವಿ ಹುವಾಂಗ್ ನುಬೋ ಮ್ಯೂಸಿಯಂ ನೋಡಲು ಹೋದವರು ಕಂಬಗಳ ಮುಂದೆ ಕಣ್ಣೀರಿಟ್ಟರು. 2013ರ ಡಿಸೆಂಬರಿನಲ್ಲಿ ಒಪ್ಪಂದವಾಯಿತು. ಏಳು ಕಂಬಗಳು ಪೀಕಿಂಗ್ ವಿಶ್ವವಿದ್ಯಾನಿಲಯಕ್ಕೆ, ಮ್ಯೂಸಿಯಂಗೆ ಹುವಾಂಗ್‌ರಿಂದ ಒಂದು ಕೋಟಿ ಕ್ರೋನರ್ ದೇಣಿಗೆ. ಇದು ದೇಣಿಗೆಯಲ್ಲ, ಮಾರಾಟ ಎಂದು ಟೀಕಿಸಿದವರೂ ಇದ್ದರು. ಹಣ ಕೊಡದೇ ಇದ್ದರೆ ಕಂಬಗಳು ಹೊರಡುತ್ತಿದ್ದವೇ ಎಂಬ ಪ್ರಶ್ನೆ ನನಗೂ ಇದೆ.

ಆಗ ಎರಡು ಸರಕಾರಗಳ ನಡುವೆ ಸರಿಯಾಗಿ ಮಾತುಕತೆಯೇ ಇರಲಿಲ್ಲ. 2010ರಲ್ಲಿ ಜೈಲಿನಲ್ಲಿದ್ದ ಲಿಯು ಶಿಯಾಬೊ ಅವರಿಗೆ ಓಸ್ಲೋದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಘೋಷಣೆಯಾದಾಗ ಚೀನಾ ಮುನಿಸಿಕೊಂಡಿತ್ತು. ಆ ಮುನಿಸು 2016ರ ಡಿಸೆಂಬರಿನ ತನಕ ಹೋಗಲಿಲ್ಲ. ನಡುವೆ ಇನ್ನೊಂದು ಸಂಗತಿ: 2010ರಲ್ಲಿ ಮತ್ತು 2013ರಲ್ಲಿ, ಎರಡು ಬಾರಿ, ಕಳ್ಳರು ಅದೇ ಮ್ಯೂಸಿಯಂಗೆ ನುಗ್ಗಿ ಚೀನೀ ವಸ್ತುಗಳನ್ನು ಹೊತ್ತೊಯ್ದರು. ಒಮ್ಮೆ ಲೂಟಿಯಾದ ಅರಮನೆಯ ಕಂಬಗಳಿದ್ದ ಮನೆಗೇ ಮತ್ತೆ ಲೂಟಿ!

2014ರಲ್ಲಿ ಮರಳಬೇಕಿದ್ದ ಕಂಬಗಳು ಬೀಜಿಂಗ್ ಸೇರಿದ್ದು 2023ರಲ್ಲಿ. ಮ್ಯೂಸಿಯಂ ಬಳಿ ಇದ್ದದ್ದು ಒಟ್ಟು ಇಪ್ಪತ್ತೊಂದು. ಹೋದವು ಏಳು. ಉಳಿದ ಹದಿನಾಲ್ಕರ ಮಾತು ಈ ಒಪ್ಪಂದದಲ್ಲಿಲ್ಲ.